ಬೆಟ್ಟದ ಓಟದ ಹಿಂದಿನ ದಿನ

ಶನಿವಾರ, ಮಧ್ಯಾಹ್ನ

ನನ್ನ ಪುಟ್ಟೀ,

ಫೋನಿನಲ್ಲಿ ಹೇಳಿದರೆ ನಕ್ಕುಬಿಡುತ್ತೀಯ, ಇಲ್ಲವೇ ಬೈಯುತ್ತೀಯ; ಅದಕ್ಕೇ ಕಾಗದ. ನಾಳೆ ಬೆಳಗ್ಗೆ ನಾನು ಮ್ಯಾರಥಾನ್ ಓಡುತ್ತೇನೆ. ನಲವತ್ತೆರಡು ಕಿಲೋಮೀಟರು, ಅದೂ ಬೆಟ್ಟದ ದಾರಿ. ನಮ್ಮ ಪರದೆ ಅಂಗಡಿಯ ಯಜಮಾನರು ಕೇಳಿ, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಐವತ್ತೆರಡಕ್ಕೇ ಬಂತಲ್ಲ" ಎಂದರು.

ಶುರುವಾದದ್ದು ಹೋದ ವರ್ಷ. ಅಂಗಡಿಯ ಲಿಫ್ಟ್ ಕೆಟ್ಟಿತ್ತು. ಬಟ್ಟೆಯ ಸುರುಳಿ ಹೊತ್ತು ಮೂರನೇ ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಮೈ. ಮಾರನೆಯ ದಿನದಿಂದ ನಡೆಯತೊಡಗಿದೆ. ಒಂದು ಬೆಳಗ್ಗೆ ಹಾಲು ಮುಗಿದೀತೆಂದು ನಾಲ್ಕು ಹೆಜ್ಜೆ ಓಡಿದವಳು, ಹಾಲಿನ ಅಂಗಡಿ ದಾಟಿದರೂ ನಿಲ್ಲಲಿಲ್ಲ.

ಎದುರುಮನೆಯ ನಿವೃತ್ತ ಬಸ್ ಡ್ರೈವರ್ ನನ್ನ ಗುರು. "ಅಕ್ಕಾ, ಏರು ಬಂದಾಗ ತುದಿ ನೋಡ್ಬೇಡಿ. ಗೇರ್ ಇಳಿಸಿ, ಸಣ್ಣ ಹೆಜ್ಜೆ ಹಾಕಿ. ಇಳಿಜಾರಲ್ಲಿ ಬ್ರೇಕ್ ತುಳೀಬೇಡಿ, ಮಂಡಿ ಹೋಗುತ್ತೆ" ಎನ್ನುತ್ತಾರೆ. ನೀರಿನ ಟ್ಯಾಂಕಿನ ಗುಡ್ಡವನ್ನು ಒಂದೇ ಬೆಳಗ್ಗೆ ಎಂಟು ಸಲ ಹತ್ತಿಸಿದ್ದಾರೆ, ಪುಣ್ಯಾತ್ಮ. ಮೊದಲ ತಿಂಗಳು ಬೈದುಕೊಂಡೇ ಹತ್ತಿದೆ. ಈಗ ಮೇಲೆಲ್ಲ ಮಂಜು ಕವಿದಿರುತ್ತದೆ, ಪುಟ್ಟಿ. ನನ್ನ ಪಾದಗಳೇ ನನಗೆ ಕಾಣಿಸುವುದಿಲ್ಲ. ಯಾರೋ ಎತ್ತಿಕೊಂಡು ಹೋಗುತ್ತಿರುವ ಹಾಗಿರುತ್ತದೆ. ಇಳಿಯುವಾಗ ಮನೆಮನೆಯ ಕಿಟಕಿಗಳು ತೆರೆದುಕೊಳ್ಳುತ್ತವೆ. ನಾನು ಹೊಲಿದ ಪರದೆಗಳು ಮಲಗಿದ ಮಗುವಿನ ಹೊಟ್ಟೆಯಂತೆ ಮೆಲ್ಲಗೆ ಉಬ್ಬಿ ಇಳಿಯುತ್ತಿರುತ್ತವೆ. ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ತಿಳಿಯುವುದಿಲ್ಲ.

ಅಂಥ ಒಂದು ಬೆಳಗ್ಗೆ, ನಿನಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಹತ್ತನೇ ತರಗತಿಯಲ್ಲಿ ಓಟದ ತಂಡದಿಂದ ನಿನ್ನ ಹೆಸರು ಬಿಟ್ಟುಹೋಯಿತಲ್ಲ, ಏಕೆಂದು ತಿಳಿಯದೆ ವಾರವಿಡೀ ಅತ್ತೆಯಲ್ಲ, ಅದನ್ನು ತೆಗೆಸಿದವಳು ನಾನು. ನಿನ್ನ ಮೇಷ್ಟ್ರ ಬಳಿ ಹೋಗಿ, ಮಗಳಿಗೆ ಎದೆ ಸರಿಯಿಲ್ಲ, ಅವಳಿಗೆ ಹೇಳಬೇಡಿ ಎಂದು ಸುಳ್ಳು ಹೇಳಿದೆ. ನಿಮ್ಮಪ್ಪ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದು ಆಗಿನ್ನೂ ಆರು ತಿಂಗಳು. ಓಡಿಬಂದು ನೀನು ಏದುಸಿರು ಬಿಟ್ಟಾಗಲೆಲ್ಲ ನನಗೆ ಅವರೇ ಕಾಣುತ್ತಿದ್ದರು. ನಿನ್ನನ್ನು ಉಳಿಸಿಕೊಂಡೆ ಅಂದುಕೊಂಡೆ. ಆಮೇಲೆ ನೀನು ಓಡಲೂ ಇಲ್ಲ, ಮನೆಯಲ್ಲಿ ಮೊದಲಿನಂತೆ ನಗಲೂ ಇಲ್ಲ.

ಏದುಸಿರು ಅಂದರೆ ಸಾವಲ್ಲ ಎಂದು ಈ ವಯಸ್ಸಿನಲ್ಲಿ ಗುಡ್ಡ ಹತ್ತಿ ಕಲಿತೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ. ಕೇಳದೆ ಇರಲೂ ಆಗುತ್ತಿಲ್ಲ.

ನಿನ್ನ
ಅಮ್ಮ

ತಾ.ಕ.: ನಿನ್ನೆ ಇದನ್ನು ಅಂಚೆಗೆ ಹಾಕುವ ಧೈರ್ಯವಾಗಲಿಲ್ಲ. ಇವತ್ತು ಭಾನುವಾರ, ಓಟ ಮುಗಿಯಿತು. ಆರು ಗಂಟೆ ಐವತ್ತು ನಿಮಿಷ. ನನ್ನ ಹಿಂದೆ ಇಬ್ಬರೇ ಇದ್ದರು. ಮೂವತ್ತನಾಲ್ಕನೆಯ ಕಿಲೋಮೀಟರಿನ ಏರಿನಲ್ಲಿ ಮೀನಖಂಡ ಹಿಡಿದುಕೊಂಡು ರಸ್ತೆಬದಿ ಕುಳಿತುಬಿಟ್ಟಿದ್ದೆ. ಅಲ್ಲಿದ್ದ ನರ್ಸ್ ಕಾಲಿಗೆ ಐಸ್ ಒತ್ತಿ, ಅಂಗಿಯ ಮೇಲಿನ ನಂಬರು ನೋಡಿ ಓಟಗಾರರ ಹೆಸರಿನ ಪಟ್ಟಿ ತೆರೆದರು. "ಏನಾದ್ರೂ ಆದ್ರೆ ಮಗಳಿಗೆ ತಿಳಿಸಿ ಅಂತ ಬರೆದಿದ್ದೀರ. ಫೋನ್ ಮಾಡ್ಲಾ?" ಎಂದರು. ಹೆಸರು ಬರೆಸುವಾಗ ನಿನ್ನನ್ನು ಕೇಳದೆಯೇ ನಿನ್ನ ಫೋನ್ ನಂಬರು ಕೊಟ್ಟಿದ್ದೆ. ಕೊಡಲು ನನಗೆ ಬೇರೆ ಯಾರಿದ್ದಾರೆ? "ಬೇಡಮ್ಮ, ಅವಳಿಗೆ ನಾನೇ ಹೇಳ್ಬೇಕು" ಎಂದು ಎದ್ದೆ.