ಗುಲಾಬಿ ನೀಹಾರಿಕೆಯ ಮೊಡವೆಗಳು

ಡಿಸೆಂಬರ್ 13, ಬೆಳಗಿನ ಜಾವ 3.10

ಹದಿನಾರು ಫ್ರೇಮ್ ಸಿಕ್ಕಿತು. ಐದು ಹಾಳು. ಹಿಂದಿನ ಮನೆಯ ಯಜಮಾನರು ಬಚ್ಚಲಿಗೆ ಎದ್ದಾಗಲೆಲ್ಲ ಹಿತ್ತಲ ದೀಪ ಹಾಕುತ್ತಾರೆ, ಆರಿಸಲು ಮರೆಯುತ್ತಾರೆ. ಆ ಬೆಳಕು ನೇರ ನನ್ನ ಟೆಲಿಸ್ಕೋಪಿನ ಬಾಯಿಗೆ. ಹಗಲೆಲ್ಲ ಲ್ಯಾಬಿನಲ್ಲಿ ಊರವರ ಮೂತ್ರ ಪರೀಕ್ಷೆ ಮಾಡಿ ಬಂದವಳಿಗೆ ರಾತ್ರಿ ತಾರಸಿಯ ಮೇಲೂ ಅದೇ ಯೋಗ. ಥೂ.

ಒಂದು ಫ್ರೇಮ್ ಅಂದರೆ ಐದು ನಿಮಿಷ. ಅಷ್ಟು ಹೊತ್ತು ಕ್ಯಾಮೆರಾ ಕಣ್ಣು ಮುಚ್ಚಬಾರದು. ಭೂಮಿ ತಿರುಗಿದ ಹಾಗೆ ಮೋಟಾರು ಟೆಲಿಸ್ಕೋಪನ್ನು ತಿರುಗಿಸುತ್ತಿರುತ್ತದೆ. ಯಾರಾದರೂ ಮೆಟ್ಟಿಲು ಧಡಧಡ ಹತ್ತಿದರೆ ಮುಗಿಯಿತು — ನಕ್ಷತ್ರಗಳೆಲ್ಲ ಎಳ್ಳಿನ ಬದಲು ಜೀರಿಗೆ. ಇಂಥ ನೂರಿಪ್ಪತ್ತು ಫ್ರೇಮ್‌ಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಒಂದು ಚಿತ್ರ. ಈ ಸಲ ಗುಲಾಬಿ ನೀಹಾರಿಕೆ. ಆರ್ದ್ರಾ ನಕ್ಷತ್ರದ ಪಕ್ಕ, ಬರಿಗಣ್ಣಿಗೆ ಏನೂ ಇಲ್ಲದ ಜಾಗ. ಬೆಳಕು ಐದು ಸಾವಿರ ವರ್ಷ ನಡೆದು ಬರುವಷ್ಟು ದೂರದಲ್ಲಿ ಕೆಂಪು ಅನಿಲದ ಹೂವು.

ಇದನ್ನೆಲ್ಲ ಯಾರಿಗೆ ಬರೆಯುತ್ತಿದ್ದೇನೆ? ಯಾರಿಗೂ ಇಲ್ಲ. ಫ್ರೇಮ್ ಮುಗಿಯುವ ತನಕ ನಾನು ಅಲ್ಲಾಡುವ ಹಾಗಿಲ್ಲ. ಪೆನ್ನು ಅಲ್ಲಾಡಬಹುದು.

ಡಿಸೆಂಬರ್ 16

ಒಬ್ಬರು ಕಫದ ಡಬ್ಬಿಯನ್ನು ಮುಚ್ಚಳವಿಲ್ಲದೆ ತಂದು ನನ್ನ ರಿಜಿಸ್ಟರ್ ಮೇಲೇ ಇಟ್ಟರು. ಹಸಿರು. ಪುಟಕ್ಕೆ ಅಂಟಿತು.

"ಬರ್ತಾ ಸ್ವಲ್ಪ ಚೆಲ್ತು ಮೇಡಂ. ಸಾಕಾಗುತ್ತಾ?"

ಸಾಕು ಮಹಾರಾಯರೇ, ಧಾರಾಳವಾಯಿತು. ಇಪ್ಪತ್ತೊಂದು ವರ್ಷ ಈ ಕೆಲಸ. ಮೂಗಿಗೆ ಒಗ್ಗಿದೆ, ಮನಸ್ಸಿಗೆ ಒಗ್ಗಿಲ್ಲ.

ಆದರೂ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಆ ಹೇಸಿಗೆಯೊಳಗೂ ಒಂದು ಅಚ್ಚುಕಟ್ಟು. ನೀಲಿ ಹಿನ್ನೆಲೆ, ನಡುವೆ ಕೆಂಪು ಗೆರೆಗಳಂಥ ಕ್ಷಯದ ರೋಗಾಣು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಡಾಕ್ಟರಮ್ಮ ಹೊಸಬರಿಗೆಲ್ಲ ಹೇಳುವುದು ಒಂದೇ ಮಾತು: "ಕಂಡಿದ್ದು ಬರಿ. ಕಾಣದೇ ಇದ್ದಿದ್ದು ಬರೀಬೇಡ."

ಡಿಸೆಂಬರ್ 28, ಸಂಜೆ

ಹನ್ನೊಂದು ರಾತ್ರಿ. ನೂರಿಪ್ಪತ್ತಮೂರು ಫ್ರೇಮ್. ಇವತ್ತು ಪೇರಿಸಿದೆ.

ಬಂತು. ಗುಲಾಬಿ ಬಂತು! ಮಂಕು ಕೆಂಪು, ನಡುವೆ ಟೊಳ್ಳು, ಟೊಳ್ಳಿನಲ್ಲಿ ಎಳೆ ನಕ್ಷತ್ರಗಳ ಗುಂಪು. ಅದಲ್ಲ ದೊಡ್ಡದು — ಎಸಳುಗಳ ಮೇಲೆ ಕಪ್ಪು ಚುಕ್ಕೆಗಳ ಸಾಲು. ದೂಳಿನ ಗಂಟುಗಳು. ಒಂದೊಂದರೊಳಗೂ ನಮ್ಮ ಸೌರಮಂಡಲದಂಥವು ಎಷ್ಟೋ ಹಿಡಿದಾವು. ಕೆಲವುಗಳೊಳಗೆ ಹೊಸ ನಕ್ಷತ್ರ ಹುಟ್ಟುತ್ತಿರಬಹುದು. ಎಣಿಸಿದೆ. ಹದಿನೇಳು. ಬೆಳಕು ತುಂಬಿದ ಈ ಊರಿನ ನಟ್ಟನಡುವೆ, ಅಕ್ಕನ ಬಟ್ಟೆ ಒಣಗುವ ತಾರಸಿಯಿಂದ, ಹದಿನೇಳು!

ಕೆಳಗೆ ಓಡಿದೆ. ಅಕ್ಕ "ಚೆನ್ನಾಗಿದೆ ಕಣೇ" ಎಂದು ಬಟ್ಟೆ ಮಡಚಲು ಹೋದಳು. ಭಾವ ಕನ್ನಡಕ ಏರಿಸಿ ನೋಡಿದರು. ಅವರದು ಫೋಟೋ ಸ್ಟುಡಿಯೋ, ಮೂವತ್ತು ವರ್ಷದ್ದು.

"ಚುಕ್ಕಿ ಮೇಡಂ, ಇಷ್ಟು ದಿನ ನಿದ್ದೆಗೆಟ್ಟಿದ್ದು ಇದಕ್ಕಾ? ಮಂಕಾಗಿದೆಯಲ್ಲ."

"ಅದು ಇರೋದೇ ಹಾಗೆ ಭಾವ."

"ಪೆನ್‌ಡ್ರೈವಲ್ಲಿ ಹಾಕ್ಕೊಡು. ದೊಡ್ಡದಾಗಿ ಪ್ರಿಂಟ್ ತೆಗೆದು ಸ್ಟುಡಿಯೋದಲ್ಲಿ ಹಾಕ್ತೀನಿ."

ಕೊಟ್ಟೆ. ಕೊಡದೆ ಹೇಗೆ? ಇದೇ ಭಾವ ನಾಲ್ಕು ವರ್ಷದ ಹಿಂದೆ ತಮ್ಮ ಹಳೆಯ ಕ್ಯಾಮೆರಾ ಬಿಚ್ಚಿ, ಕೆಂಪು ಬೆಳಕನ್ನು ತಡೆಯುವ ಒಳಗಿನ ಗಾಜನ್ನು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ತೆಗೆದುಕೊಟ್ಟವರು. ಅದಿಲ್ಲದೆ ಈ ಗುಲಾಬಿ ಇಲ್ಲ.

ಜನವರಿ 9

ಪತ್ರಿಕೆಯ ಮೂರನೇ ಪುಟ. "ತಾರಸಿಯಿಂದಲೇ ಬ್ರಹ್ಮಾಂಡ ಸೆರೆಹಿಡಿದ ಲ್ಯಾಬ್ ಮಹಿಳೆ." ನನ್ನ ಹೆಸರು. ನನ್ನ ಚಿತ್ರವಲ್ಲ.

ಹೂವು ನೇರಳೆ ಬಣ್ಣಕ್ಕೆ ತಿರುಗಿದೆ, ಸೋಪಿನ ಪೊಟ್ಟಣದ ನೇರಳೆ. ನಟ್ಟನಡುವೆ ಒಂದು ನೀಲಿ ನಕ್ಷತ್ರ, ಸುತ್ತ ಕೂಡಿಸುವ ಚಿಹ್ನೆಯಂಥ ಗೆರೆ. ನನ್ನ ಟೆಲಿಸ್ಕೋಪಿನಲ್ಲಿ ಆ ಗೆರೆ ಬರುವುದೇ ಇಲ್ಲ. ಮೂಲೆಯಲ್ಲಿ ಎಲ್ಲಿಂದಲೋ ತಂದು ಅಂಟಿಸಿದ ಸುರುಳಿ ಗ್ಯಾಲಕ್ಸಿ. ಇಷ್ಟಾದರೂ ಸಹಿಸಬಹುದಿತ್ತೇನೋ. ಕಪ್ಪು ಚುಕ್ಕೆಗಳು... ಒಂದೂ ಇಲ್ಲ. ಹದಿನೇಳೂ ಮಾಯ. ಎಸಳುಗಳು ಎಣ್ಣೆ ಸವರಿದ ಹಾಗೆ ನುಣ್ಣಗೆ.

ಹೇಸಿಗೆಯಾಯಿತು. ಲ್ಯಾಬಿನಲ್ಲಿ ಆಗುವಂಥದ್ದಲ್ಲ, ಬೇರೆ.

ನೇರ ಸ್ಟುಡಿಯೋಗೆ ಹೋದೆ.

"ಚುಕ್ಕೆಗಳೆಲ್ಲಿ ಭಾವ?"

"ಯಾವ ಚುಕ್ಕೆ? ಓ, ಆ ಕಲೆಗಳಾ? ತೆಗೆದೆ. ಮೊಡವೆ ಥರ ಕಾಣ್ತಿತ್ತು."

ಮೊಡವೆ. ಮದುಮಗಳ ಮುಖದ ಮೊಡವೆ ಅಳಿಸುವ ಅದೇ ಬ್ರಷ್‌ನಲ್ಲಿ.

"ಪೇಪರಿಗೆ ಯಾರು ಕೊಟ್ಟಿದ್ದು?"

"ಗ್ರೂಪಿಗೆ ಹಾಕಿದ್ದೆ, ಅವರೇ ಕೇಳ್ಕೊಂಡು ಬಂದ್ರು. ನಿನ್ನ ಹೆಸರೇ ಹಾಕ್ಸಿದೀನಿ, ನಂದು ಹಾಕ್ಸಿಲ್ಲ! ಖುಷಿ ಪಡೋದು ಬಿಟ್ಟು ಮುಖ ಯಾಕೆ ಹಿಂಡ್ತೀಯ?"

ನಿಜವಾಗಿಯೂ ಅರ್ಥವಾಗಿರಲಿಲ್ಲ ಅವರಿಗೆ. ಕಣ್ಣಲ್ಲಿ ಹೆಮ್ಮೆ. ಮೈಯೆಲ್ಲ ಉರಿಯಿತು. ಪತ್ರಿಕೆ ಮಡಚಿಕೊಂಡು ಮನೆಗೆ ಬಂದೆ.

ಜನವರಿ 10

ಲ್ಯಾಬಿನಲ್ಲಿ ಎಲ್ಲರೂ ಬಾಗಿಲಿಗೇ ಬಂದು ಕೈಕುಲುಕಿದರು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಡಾಕ್ಟರಮ್ಮ ಪತ್ರಿಕೆಯ ತುಣುಕನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ರಕ್ತದ ಸ್ಯಾಂಪಲ್ ಇಡುವ ಫ್ರಿಜ್.

"ಇಷ್ಟು ವರ್ಷದಿಂದ ನೀನು ಒಂದ್ ಮಾತೂ ಹೇಳ್ಲಿಲ್ಲವಲ್ಲೇ! ಎಷ್ಟು ಚೆಂದ ಬಂದಿದೆ."

"ಥ್ಯಾಂಕ್ಸ್ ಮೇಡಂ" ಅಂದೆ.

ಥ್ಯಾಂಕ್ಸ್! ನಾಲಿಗೆ ತಾನಾಗಿ ಹೊರಳಿತು. ಆಮೇಲೆ ದಿನವಿಡೀ ಫ್ರಿಜ್ ತೆಗೆದಾಗಲೆಲ್ಲ ಆ ನೇರಳೆ. ನಾಲ್ಕು ಸಲ ಕೈ ತೊಳೆದೆ.

ಸಂಜೆ ಒಂದು ಶಾಲೆಯ ಹೆಡ್‌ಮಿಸ್ ಫೋನ್. ಫೆಬ್ರವರಿ ಐದಕ್ಕೆ ವಿಜ್ಞಾನ ಪ್ರದರ್ಶನ. ನನ್ನ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಮಾಡಿಸಿ ಶಾಶ್ವತವಾಗಿ ಹಾಕುತ್ತಾರಂತೆ. ನನಗೊಂದು ಫಲಕ. "ಬರ್ತೀರಲ್ಲಾ?" ಅಂದರು. ಬರುತ್ತೇನೆ ಅಂದೆ.

ಜನವರಿ 17

ಜಿರಾಫೆ ಫೋನ್ ಮಾಡಿದ್ದ.

ಎತ್ತರದ ಆಳು, ಲ್ಯಾಬಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ನನ್ನ ಪಕ್ಕದ ಮೇಜು. ಎರಡು ವರ್ಷದ ಹಿಂದೆ ಒಂದು ಸೋಮವಾರ ನಲವತ್ತು ಸ್ಲೈಡುಗಳನ್ನು ನೋಡದೆಯೇ "ರೋಗಾಣು ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದ. ನಾನು ಕಂಡೆ. ಊಟದ ಹೊತ್ತಿನಲ್ಲಿ, ಹನ್ನೆರಡು ಜನರ ಎದುರು, ಡಾಕ್ಟರಮ್ಮನಿಗೆ ಹೇಳಿದೆ. ಅವನ ಕೈಯಲ್ಲಿ ತುತ್ತು ಹಾಗೇ ಇತ್ತು. ಮಾರನೆಯ ದಿನದಿಂದ ಅವನಿಗೆ ಕೆಲಸವಿಲ್ಲ. ಈಗ ವ್ಯಾನ್ ಓಡಿಸುತ್ತಾನೆ.

"ಅಕ್ಕಾ, ಪೇಪರ್‌ನಲ್ಲಿ ನೋಡ್ದೆ. ಮನೇಲಿ ಎಲ್ರಿಗೂ ತೋರಿಸ್ದೆ. ಇವ್ರ ಪಕ್ಕದಲ್ಲೇ ಕೂತು ಕೆಲಸ ಮಾಡ್ತಿದ್ದೆ ಅಂದೆ."

ವ್ಯಂಗ್ಯವೇನೋ ಎಂದು ಕಿವಿಗೊಟ್ಟೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಜನವರಿ 18

ಅಮಾವಾಸ್ಯೆ. ಆಕಾಶ ತೊಳೆದಿಟ್ಟ ಹಾಗಿದೆ. ಮೇಲೆ ಹೋಗಲಿಲ್ಲ.

ಫೆಬ್ರವರಿ 5, ರಾತ್ರಿ 8

ಬರೆದೇ ಬಿಡುತ್ತೇನೆ.

ಶಾಲೆಯ ಹಾಲ್. ಗೋಡೆಯ ತುಂಬ ಆ ನೇರಳೆ ಹೂವು, ಹತ್ತಡಿ ಅಗಲ. ದೊಡ್ಡದಾದಷ್ಟೂ ಅಸಹ್ಯ. ಮುಂದಿನ ಸಾಲಿನಲ್ಲಿ ಅಕ್ಕ, ಇಸ್ತ್ರಿ ಮಾಡಿದ ಸೀರೆ. ಭಾವ ಕೋಟು ಹಾಕಿ, ಕ್ಯಾಮೆರಾ ಹಿಡಿದು, ನನ್ನ ಫೋಟೋ ತೆಗೆಯಲು ಮೊಣಕಾಲೂರಿ ಕೂತಿದ್ದರು. ಹೆಡ್‌ಮಿಸ್ ಹೊಗಳಿದ್ದೇ ಹೊಗಳಿದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನೇ ಆ ಎತ್ತು.

ಫಲಕ ಕೈಗೆ ಬಂತು. ಆಗಲೂ ಸುಮ್ಮನೇ ಇದ್ದೆ. ಬರೆದಿಡುತ್ತೇನೆ — ಆಗಲೂ ಸುಮ್ಮನೇ ಇದ್ದೆ.

ಆಮೇಲೆ ವಿಜ್ಞಾನದ ಮೇಷ್ಟ್ರು ವೇದಿಕೆ ಹತ್ತಿದರು. ಸಣ್ಣ ಆಳು. ಕೈಯಲ್ಲಿ ರಟ್ಟಿನ ಬಾಣದ ಗುರುತುಗಳು, ಸ್ಕೆಚ್ ಪೆನ್ನು. ಚಿತ್ರದ ಮೇಲೆ ಹೆಸರು ಅಂಟಿಸಬೇಕಂತೆ, ಮಕ್ಕಳು ಓದಿಕೊಳ್ಳಲು. ಒಂದು ಬಾಣವನ್ನು ಆ ನೀಲಿ ನಕ್ಷತ್ರಕ್ಕೆ ಗುರಿಯಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೇಳಿದರು:

"ಇದರ ಹೆಸರು ಹೇಳಿ ಮೇಡಂ. ನಾನು ಎಲ್ಲಾ ಕಡೆ ಹುಡುಕ್ದೆ, ಸಿಗ್ಲಿಲ್ಲ. ನಂಗೆ ಗೊತ್ತಿಲ್ಲದೇ ಇರೋದು, ತಪ್ಪು ತಿಳ್ಕೋಬೇಡಿ."

ಅವರು ಕ್ಷಮೆ ಕೇಳುತ್ತಿದ್ದರು. ನನ್ನ ಹತ್ತಿರ! ಮೈಕ್ ತೆಗೆದುಕೊಂಡೆ.

"ಅದಕ್ಕೆ ಹೆಸರಿಲ್ಲ. ಅಂಥ ನಕ್ಷತ್ರ ಅಲ್ಲಿಲ್ಲ. ಈ ಬಣ್ಣ ಸುಳ್ಳು. ಆ ಮೂಲೇಲಿರೋದು ಎಲ್ಲಿಂದಲೋ ತಂದು ಅಂಟಿಸಿದ್ದು. ಇದನ್ನ ನಮ್ಮ ಭಾವ ಸ್ಟುಡಿಯೋದಲ್ಲಿ ಕೂತು ಮಾಡಿದ್ದು. ಅಗೋ ಅಲ್ಲಿದ್ದಾರೆ."

ಕೈ ತೋರಿಸಿದೆ. ತೋರಿಸಿಯೇ ಬಿಟ್ಟೆ.

ಭಾವನ ಕಣ್ಣಿನಿಂದ ಕ್ಯಾಮೆರಾ ಇಳಿಯಿತು. ಮೊಣಕಾಲೂರಿದ್ದವರು ಏಳಲಾರದೆ ಹಾಗೇ ಇದ್ದರು. ನಾನು ಹೇಳಿದೆ, "ನಂಗೆ ಒಂದು ತಿಂಗಳಿಂದ ಗೊತ್ತಿತ್ತು. ಸುಮ್ನಿದ್ದೆ." ಅದು ಎಷ್ಟು ಜನರಿಗೆ ಕೇಳಿಸಿತೋ. ದನಿ ಬಿದ್ದುಹೋಗಿತ್ತು.

ಹೆಡ್‌ಮಿಸ್ ಮೈಕ್ ಕಸಿದುಕೊಂಡು, "ನೋಡಿ ಮಕ್ಕಳೇ, ಎಂಥಾ ವಿನಯ! ಎಂಥಾ ಪ್ರಾಮಾಣಿಕತೆ!" ಅಂದರು. ಚಪ್ಪಾಳೆ. ಮೊದಲಿಗಿಂತ ಜೋರು. ಕಾರ್ಯಕ್ರಮ ಮುಗಿದ ಮೇಲೆ ಕಿವಿಯ ಹತ್ತಿರ ಬಂದು, "ಆದ್ರೂ ಇದೇ ಇರ್ಲಿ ಬಿಡಿ, ಗೋಡೆಗೆ ಒಪ್ಪುತ್ತೆ."

ಮೇಷ್ಟ್ರು ಮಾತ್ರ ಬಾಣಗಳನ್ನು ಜೇಬಿಗೆ ಹಾಕಿಕೊಂಡರು.

ಶಾಲೆಯ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ.

ಫೆಬ್ರವರಿ 6

ಮೇಲಿನ ನನ್ನ ಕೋಣೆಗೆ ಅಕ್ಕ ಬಂದಳು. ಕೂರಲಿಲ್ಲ.

"ಇವತ್ತು ಪಾಸ್‌ಪೋರ್ಟ್ ಫೋಟೋಗೆ ಬಂದವನೊಬ್ಬ ಏನಂದ ಗೊತ್ತಾ? 'ನಮ್ಮ ಮುಖ ನಮ್ದೇ ಇರ್ಲಿ ಸಾರ್, ನಿಮ್ಮದು ಅಂಟಿಸ್ಬೇಡಿ.' ಮೂವತ್ತು ವರ್ಷದಲ್ಲಿ ಒಬ್ರೂ ಹಾಗೆ ಅಂದಿರಲಿಲ್ಲ ಕಣೇ."

"ಅವರು ಮಾಡಿದ್ದು ಸರಿನಾ ಅಕ್ಕ?"

"ಸರಿ ಅಂತ ಯಾರಂದ್ರು? ಈ ಒಂದು ತಿಂಗಳಲ್ಲಿ ನೀನು ನನ್ನ ಹತ್ರ ಹೇಳ್ಬಹುದಿತ್ತು. ಅವ್ರನ್ನ ಕೂರಿಸ್ಕೊಂಡು ಹೇಳ್ಬಹುದಿತ್ತು. ಪೇಪರಿನವ್ರಿಗೆ ನೀನೇ ಫೋನ್ ಮಾಡ್ಬಹುದಿತ್ತು. ಊಹೂಂ. ನಿಂಗೆ ನಿಜ ಹೇಳೋಕೆ ಯಾವಾಗ್ಲೂ ಜನ ಸೇರ್ಬೇಕು, ಇನ್ನೊಬ್ರ ತಲೆ ಬೇಕು."

ಬಾಗಿಲು ಹಾಕಿಕೊಂಡು ಹೋದಳು.

ಜಿರಾಫೆಯ ವಿಷಯ ಹೇಳಿದ್ದು ಸರಿಯೇ. ನಲವತ್ತು ಜನರ ಕಫ, ನಲವತ್ತು ಮನೆ. ಈಗಲೂ ಸರಿಯೇ ಎನ್ನುತ್ತೇನೆ. ಆದರೆ ಊಟದ ಹೊತ್ತು ಯಾಕೆ ಬೇಕಿತ್ತು? ಡಾಕ್ಟರಮ್ಮನ ಕೋಣೆಗೆ ಬಾಗಿಲಿತ್ತು.

ಹನ್ನೆರಡು ಜನ ನನ್ನ ಕಡೆ ತಿರುಗಿ ನೋಡಿದಾಗ ಒಳಗೆ ಒಂದು ರುಚಿ ಹತ್ತಿತ್ತು. ನಿನ್ನೆ ಕೈ ತೋರಿಸಿದಾಗಲೂ ಅದೇ ರುಚಿ. ಬರೆಯಲೂ ಅಸಹ್ಯ. ಕಂಡಿದೆ, ಬರೆದಿದ್ದೇನೆ.

ಫೆಬ್ರವರಿ 9

ಫಲಕ ವಾಪಸ್ ಕೊಟ್ಟು ಬಂದೆ. ಪತ್ರಿಕೆಗೆ ಕಾಗದ ಬರೆದೆ. "ತಪ್ಪು ನನ್ನದು" ಎಂದೇ ಶುರುಮಾಡಿದೆ. ಹಾಕುತ್ತಾರೋ ಇಲ್ಲವೋ. ಫ್ರಿಜ್ಜಿನ ಮೇಲಿನ ತುಣುಕು ಕಿತ್ತು, ಡಾಕ್ಟರಮ್ಮನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ ಹೇಳಿದೆ. "ಸರಿ. ಹೋಗಿ ಸ್ಲೈಡ್ ನೋಡು" ಅಂದರು.

ಸಂಜೆ ಸ್ಟುಡಿಯೋ. ಭಾವ ಒಬ್ಬರೇ. ಅದೇ ಬ್ರಷ್, ಯಾರದೋ ಕೆನ್ನೆ.

"ಅಷ್ಟು ಜನರ ಮುಂದೆ ನಿಮ್ಮನ್ನ ತೋರಿಸಬಾರದಿತ್ತು ಭಾವ. ಮೊದಲು ನನ್ನ ತಪ್ಪು ಹೇಳ್ಬೇಕಿತ್ತು."

ತಲೆ ಎತ್ತಲಿಲ್ಲ. ಮೌಸ್ ಟಕಟಕ.

"ನಿಂಗೆ ಒಳ್ಳೇದಾಗ್ಲಿ ಅಂತ ಮಾಡ್ದೆ."

"ಗೊತ್ತು. ಆದ್ರೂ ಮಾಡ್ಬಾರದಿತ್ತು."

"ಹ್ಞೂಂ." ಪರದೆಯನ್ನೇ ನೋಡುತ್ತ, "ಮೊಡವೆ ಅಲ್ದಿದ್ರೆ ಅದೇನು?"

ಹೇಳಿದೆ. ದೂಳು, ಗಂಟು, ಹುಟ್ಟುವ ನಕ್ಷತ್ರ. ಕೇಳಿಸಿಕೊಂಡರೋ ಇಲ್ಲವೋ. "ಮಂಡಿ ನೋವು, ಬಾಗಿಲು ಹಾಕೋ ಹೊತ್ತಾಯ್ತು" ಅಂದರು.

ಫೆಬ್ರವರಿ 13, ರಾತ್ರಿ 8.40

ಒಂದು ತಿಂಗಳಿಗೂ ಮೇಲಾಯಿತು ಟೆಲಿಸ್ಕೋಪಿನ ಹೊದಿಕೆ ತೆಗೆದು. ಮೇಲೆಲ್ಲ ಪಾರಿವಾಳದ ಹಿಕ್ಕೆ. ಒರೆಸಿದೆ. ಗುಲಾಬಿ ಈಗ ಸಂಜೆಗೇ ನೆತ್ತಿಯ ಹತ್ತಿರ. ಮೊದಲಿನಿಂದ ಶುರು. ಆರು ಫ್ರೇಮ್ ಆಯಿತು.

ಏಳನೆಯದರ ನಡುವೆ ಮೆಟ್ಟಿಲ ಮೇಲೆ ಹೆಜ್ಜೆ. ಒಂದೊಂದೇ, ನಿಂತು ನಿಂತು. ಭಾವ. ಏದುಸಿರು. ನೆಗಡಿಯ ಮೂಗು ಸೊರಸೊರ. ಮೈಯಿಂದ ಸ್ಟುಡಿಯೋದ ಅಂಟಿನ ವಾಸನೆ. ಬಂದವರೇ ಕಬ್ಬಿಣದ ಕುರ್ಚಿಯನ್ನು ಗರ್ರನೆ ಎಳೆದರು. ಏಳನೆಯದು ಹೋಯಿತು. ನಕ್ಷತ್ರಗಳೆಲ್ಲ ಜೀರಿಗೆ.

"ಏನಾಯ್ತು?"

"ಹಾಳಾಯ್ತು."

"ನನ್ನಿಂದಾನಾ?"

"ಹೌದು."

ಕಂಪ್ಯೂಟರಿನಲ್ಲಿ ಆರನೆಯ ಫ್ರೇಮ್ ತೋರಿಸಿದೆ. ಬೂದಿ ಬಣ್ಣ, ಒಂದು ಕಡೆ ಕೆಂಪಿನ ಗುಮಾನಿ, ಅಷ್ಟೆ. ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇದ್ರಲ್ಲಿ ಏನೂ ಇಲ್ವಲ್ಲೇ."

"ಇನ್ನೂ ನೂರು ಬೇಕು ಭಾವ. ಆಮೇಲೆ."

"ನೂರಾ!"

ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲೆಂದೇ ಬಯಸಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಬರೆಯಲಿ. ಅವರು ಎದ್ದರು. ಕುರ್ಚಿಯನ್ನು ಈ ಸಲ ಎರಡೂ ಕೈಯಲ್ಲಿ ಎತ್ತಿ, ತೊಟ್ಟಿಲಿಂದ ಮಗುವನ್ನು ಎತ್ತುವಷ್ಟು ನಿಧಾನ, ದೂರ ಇಟ್ಟರು. ಕೂತರು. ಕರವಸ್ತ್ರ ತೆಗೆದು ಮೂಗು ಒತ್ತಿ ಹಿಡಿದರು.

"ಈಗ ಹಾಕು" ಅಂದರು, ಪಿಸುದನಿಯಲ್ಲಿ.

ಎಂಟನೆಯದು ಶುರು. 8.52. ಐದು ನಿಮಿಷ ಇಬ್ಬರೂ ಅಲ್ಲಾಡುವ ಹಾಗಿಲ್ಲ.