ಕಟ್ಟೆಯ ಮೇಲೆ ಕೂತ ನೀಲಗಂಗವ್ವ

ಬೆಟಗೇರಿ, ಫೆಬ್ರುವರಿ ೩೧
ಕಿವಿಗಂಟೆ ತೆಗೆದ ನಾಲ್ಕನೆಯ ವರ್ಷ

ಹಿರಿಯರಾದ ನೀಲಗಂಗವ್ವನವರಿಗೆ, ನಿಮ್ಮ ಮರಿಮಗಳ ಮರಿಮಗಳು ಸುವ್ವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳೂ ಒಂದೇ ಅಳತೆಯಲ್ಲಿರಲಿ ಎಂದು ನಮ್ಮವರು ಫೆಬ್ರುವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನೀವು ‘ಸ್ವಲ್ಪ ಹೊತ್ತು’ ಎನ್ನುತ್ತಿದ್ದಿರಂತೆ. ನಮಗಿರುವುದು ಸರತಿ. ಹನ್ನೆರಡು ನಿಮಿಷಕ್ಕೆ ಒಂದು ಸರತಿ. ಮಗು ಹುಟ್ಟಿದ ಮೂರನೆಯ ದಿನ ಅದರ ಕಿವಿಯೊಳಗೆ ಜೋಳದ ಕಾಳಿನಷ್ಟು ಗಂಟೆಯೊಂದನ್ನು ಕೂರಿಸುತ್ತಿದ್ದರು. ಅದು ಮಿಡಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳಬೇಕು. ಸ್ನಾನಕ್ಕೆ ಒಂದು ಸರತಿ, ಊಟಕ್ಕೆ ಎರಡು, ಕಾಯಿಲೆಯವರನ್ನು ನೋಡಿ ಬರಲು ಒಂದು. ಇಷ್ಟೇ ಸಾಕೆಂದು ಯಾರು ಗೊತ್ತು ಮಾಡಿದರೋ, ಕೇಳಿದವರಿಲ್ಲ.

ನಾನು ಹದಿನೆಂಟು ವರ್ಷ ನೆರಳು ಕಾರ್ಖಾನೆಯಲ್ಲಿ ದುಡಿದೆ. ಈಗಿನ ಬಿಸಿಲಿಗೆ ಬೀದಿಯುದ್ದಕ್ಕೂ ಬಟ್ಟೆ ಕಟ್ಟದೆ ಗತಿಯಿಲ್ಲ. ಆ ಬಟ್ಟೆ ನಮ್ಮಲ್ಲಿ ತಯಾರಾಗುತ್ತದೆ. ಒಂದು ಸರತಿ ಅಂಚು ಹೊಲಿಯಬೇಕು, ಗಂಟೆ ಮಿಡಿದ ಕೂಡಲೇ ಎದ್ದು ಬಲಗಡೆಯ ಕುರ್ಚಿಗೆ ಸರಿಯಬೇಕು, ಅಲ್ಲಿ ಇನ್ಯಾರೋ ಅರ್ಧಕ್ಕೆ ಬಿಟ್ಟ ಅಂಚನ್ನು ಹಿಡಿಯಬೇಕು. ನಾನು ಶುರು ಮಾಡಿದ ಒಂದು ಅಂಚನ್ನೂ ನಾನೇ ಮುಗಿಸಲಿಲ್ಲ. ನನ್ನ ಹೊಲಿಗೆ ಯಾವ ಬೀದಿಗೆ ನೆರಳು ಕೊಡುತ್ತಿದೆಯೋ ಗೊತ್ತಿಲ್ಲ. ಇದನ್ನು ಬರೆಯುವಾಗ ದುಃಖವಾಗಬೇಕಿತ್ತು. ಆಗುತ್ತಿಲ್ಲ.

ನನ್ನ ತಂಗಿ ನೇಮಿ ಹಾಗಲ್ಲ. ಅವಳದು ಮೊದಲಿನಿಂದಲೂ ಮೊಂಡುತನ. ‘ನಮ್ಮ ಹೊತ್ತು ನಮಗ ಕೊಡ್ರಿ’ ಎಂದು ಕಾರ್ಖಾನೆಯ ಬಾಗಿಲಲ್ಲಿ ಕೂಗಿದವರಲ್ಲಿ ಅವಳೂ ಒಬ್ಬಳು. ಏಳು ವರ್ಷ ಕೂಗಿದರು. ಕೊನೆಗೆ ಎಲ್ಲರ ಕಿವಿಯಿಂದಲೂ ಕಾಳು ತೆಗೆದರು. ಬಿಡುಗಡೆಯ ದಿನ ದೊಡ್ಡ ಸಭೆ ನಡೆಯಿತು. ಮುಖಂಡರು ಇನ್ನು ಮೇಲೆ ನಮ್ಮ ಮೇಲೆ ಯಾವ ಗಂಟೆಯೂ ಇಲ್ಲವೆಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಹನ್ನೆರಡನೆಯ ನಿಮಿಷಕ್ಕೆ ಸಭೆಯೆಲ್ಲ ಒಟ್ಟಿಗೆ ಎದ್ದು ಒಂದೊಂದು ಕುರ್ಚಿ ಬಲಕ್ಕೆ ಸರಿದು ಕೂತಿತು. ಮುಖಂಡರೂ ಮೈಕು ಬಿಟ್ಟು ಒಂದು ಹೆಜ್ಜೆ ಬಲಕ್ಕೆ ಸರಿದು ಸುಮ್ಮನೆ ನಿಂತರು. ಯಾರೂ ನಗಲಿಲ್ಲ. ನೇಮಿ ಒಬ್ಬಳೇ ಕೂತಲ್ಲೇ ಕೂತು ಅಳುತ್ತಿದ್ದಳು.

ಕಳೆದ ವರ್ಷ ಅವಳ ಎದೆಯಲ್ಲಿ ನೂಲಿನ ಧೂಳು ಕಟ್ಟಿತು. ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕೊನೆಯ ದಿನ ಮಧ್ಯಾಹ್ನ ಅವಳು ನನ್ನ ಕೈ ಹಿಡಿದು, ‘ಇನ್ನೊಂದೀಟು ಕುಂದ್ರಬೇ ಅಕ್ಕಾ, ಯಾರೂ ಕರ್ಯಾಕತ್ತಿಲ್ಲ’ ಎಂದಳು. ನನಗೆ ಕೇಳಿಸಿತು. ಕೂರಬೇಕು ಅಂತಲೂ ಅನ್ನಿಸಿತು. ಅಷ್ಟರಲ್ಲಿ ಕಾಲುಗಳು ಎದ್ದು ನಿಂತಿದ್ದವು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೊರಗಿನ ಕೋಣೆಗೆ ಹೋಗಿ, ಬಲಗಡೆಯ ಕುರ್ಚಿಯಲ್ಲಿ ಕೂತೆ. ಒಂದು ಸರತಿ ಕಳೆದ ಮೇಲೆ ಒಳಗೆ ಬಂದರೆ ನೇಮಿ ಇರಲಿಲ್ಲ. ಕೈ ಮಾತ್ರ ನಾನು ಬಿಡಿಸಿಟ್ಟಲ್ಲೇ ಇತ್ತು. ನನ್ನ ಕಿವಿಯಲ್ಲಿ ಗಂಟೆ ಇಲ್ಲದೆ ಆಗಲೇ ಎರಡು ವರ್ಷ ದಾಟಿತ್ತು.

ಅವಳ ಪೆಟ್ಟಿಗೆಯಲ್ಲಿ ನಿಮ್ಮ ಹಳೆಯ ಫೋಟೊ ಮತ್ತೆ ಸಿಕ್ಕಿತು. ಮನೆಯ ಮುಂದಿನ ಕಟ್ಟೆಯ ಮೇಲೆ ನೀವು, ನೆರೆಮನೆಯ ಮೂವರು ಹೆಂಗಸರು. ಯಾರ ಕೈಯಲ್ಲೂ ಕೆಲಸವಿಲ್ಲ. ಫೋಟೊದ ಹಿಂಬದಿಯಲ್ಲಿ ‘ನೀಲಗಂಗವ್ವ, ಸಂಜೆ’ ಎಂದಷ್ಟೇ ಬರೆದಿದೆ. ನೀವು ಯಾರಿಗೋ ಕಾಯುತ್ತಿದ್ದೀರಿ ಎಂದು ನಾನು ಸಣ್ಣವಳಿದ್ದಾಗ ವಾದಿಸುತ್ತಿದ್ದೆ. ಯಾರೂ ಬರುವವರಿಲ್ಲ, ಸುಮ್ಮನೆ ಕೂತಿದ್ದಾರೆ ಎಂದು ನೇಮಿ ಹೇಳುತ್ತಿದ್ದಳು. ಈಗ ಅವಳ ಮಾತೇ ನಿಜವೆನ್ನಿಸುತ್ತದೆ.

ಫೋಟೊದಲ್ಲಿ ನಿಮ್ಮ ಪಕ್ಕ ನಿಮ್ಮ ಮೊಮ್ಮಗಳೂ ಇದ್ದಾಳೆ. ನಾವೆಲ್ಲ ಅವಳ ಸಂತಾನ. ಒಳಗಿನಿಂದ ಯಾರೋ ಕರೆದಿರಬೇಕು, ಓದಿಗೋ ಪಾಠಕ್ಕೋ. ಅವಳು ಅರ್ಧ ಎದ್ದಿದ್ದಾಳೆ, ಮುಖ ಅಲುಗಿ ಮಸುಕಾಗಿದೆ. ಅವಳ ಲಂಗದ ಅಂಚು ಇನ್ನೂ ನಿಮ್ಮ ಮುಷ್ಟಿಯಲ್ಲಿದೆ.

ಅಜ್ಜಿ, ಅದನ್ನು ಬಿಡಬೇಡಿ. ಕರೆದವರು ಇನ್ನೊಂದು ಸಲ ಕರೆಯಲಿ. ಕತ್ತಲಾಗುವವರೆಗೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಏನೂ ಹೇಳಿಕೊಡಬೇಡಿ.

ನೇಮಿಯ ಬರಿದಾದ ಮಂಚದ ಪಕ್ಕ ಕೂತು ಈ ಪತ್ರ ಶುರು ಮಾಡಿದೆ. ನಡುವೆ ನಾಲ್ಕು ಸಲ ಎದ್ದೆ, ನಾಲ್ಕು ಸಲವೂ ತಿರುಗಿ ಬಂದು ಕೂತೆ. ಈ ಕೊನೆಯ ಸಾಲನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.

ಸುವ್ವಿ