ಕಾರವಾರದ ಗಾಳಿ

ಶಾಂಭವಿ,

ಎಮ್ಮೆಗೆ ಹಿಂಡಿ ಕಲಸಿಟ್ಟಿದ್ದೇನೆ. ಚಿನ್ನುವಿನ ತಲೆ ಬಾಚಿ ಶಾಲೆಗೆ ಕಳಿಸು. ನಾನು ಕಾರವಾರದ ಬಸ್ಸಿಗೆ ಹೊರಟೆ.

ನಿನ್ನೆ ನಿಮ್ಮಣ್ಣ ಫೋನಿನಲ್ಲಿ, "ಸಮುದ್ರ ಕೆರಿ ಹಂಗ ಶಾಂತ ಐತಿ, ನಡುನೀರಾಗ ಮೀನು ಹಿಡ್ಯಾಕತ್ತೇವಿ" ಅಂದರು. ಆದರೆ ದಸರೆ ಮುಗಿದಾಗಿನಿಂದ ಅಲ್ಲಿ ಗಾಳಿ ಜೋರಿದೆ, ಬೋಟುಗಳೆಲ್ಲ ದಡ ಸೇರಿವೆ ಎಂದು ಸುದ್ದಿಯಲ್ಲಿ ಎರಡೆರಡು ಸಲ ಕೇಳಿದೆ. ಅದೂ ಅಲ್ಲದೆ, ನಡುನೀರಿಗೆ ಹೋದರೆ ಅವರ ಫೋನು ಹತ್ತುವುದೇ ಇಲ್ಲ. ನಿನ್ನೆ ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟ. ಮುಖ ತೋರಿಸಿರಿ ಎಂದರೆ ಚಾರ್ಜಿಲ್ಲ ಎಂದರು. ಪೆಟ್ಟು ಮಾಡಿಕೊಂಡು ದಡದಲ್ಲೇ ಮಲಗಿದ್ದಾರೆ, ಅದನ್ನು ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ನನ್ನದೇ ತಪ್ಪು ತಿಳಿವಳಿಕೆಯೂ ಇರಬಹುದು.

ಅವ್ವ ಕೇಳಿದರೆ ತವರಿಗೆ ಹೋದಳು ಎನ್ನು. ನಿಮ್ಮಣ್ಣನ ಕೈಕಾಲು ನೆಟ್ಟಗಿದ್ದರೆ, ಸುಳ್ಳು ಹೇಳಿದ್ದಕ್ಕೆ ಅಲ್ಲೇ ಜಗಳವಾಡಿ ಬರುತ್ತೇನೆ. ಇಲ್ಲದಿದ್ದರೆ ಕರೆದುಕೊಂಡೇ ಬರುತ್ತೇನೆ. ಪಡಸಾಲೆಯ ಮಂಚ ಖಾಲಿ ಮಾಡಿಡು.

ನಿನ್ನ ವೈನಿ